ಬೇಕು ಎಂದು ಬರೆದದ್ದು

ಅವಳಿಗೆ ಕಿಡಿ ಎಂದು ಹೆಸರಿಟ್ಟದ್ದು ಅಪ್ಪ. ಚಿಕ್ಕಂದಿನಲ್ಲಿ ಯಾರಾದರೂ ಕೇಳದೆ ಅವಳ ಪೆನ್ಸಿಲ್ ಮುಟ್ಟಿದರೆ ಸೂರು ಹಾರಿಹೋಗುವಂತೆ ಕೂಗುತ್ತಿದ್ದಳಂತೆ. ನಲವತ್ತು ದಾಟಿದ ಮೇಲೂ ಕೋಪ ಮೂಗಿನ ತುದಿಯಲ್ಲೇ ಕೂತಿತ್ತು. ಈಗ ಅದಕ್ಕೆ ಸಂಬಳ ಸಿಗುತ್ತಿತ್ತು, ಅಷ್ಟೇ ವ್ಯತ್ಯಾಸ. ಕಂಪನಿಗಳು ಅವಳನ್ನು ಕರೆಸಿ ತಮ್ಮ ನೆಟ್‌ವರ್ಕಿನಲ್ಲಿ ಎಲ್ಲೆಲ್ಲಿ ತೂತಿದೆ, ಕಳ್ಳ ಯಾವ ಸಂದಿಯಿಂದ ನುಸುಳಬಹುದು, ಕಾನೂನು ಹೇಳುವ ಯಾವ ನಿಯಮ ಪಾಲನೆಯಾಗಿಲ್ಲ ಎಂದು ಕೇಳುತ್ತಿದ್ದವು. ಅವಳು ನೋಡಿ, ಬೈದು, ಬರೆದು ಕೊಟ್ಟು ಬರುತ್ತಿದ್ದಳು. ಬೈಸಿಕೊಳ್ಳುವುದಕ್ಕೂ ಜನ ದುಡ್ಡು ಕೊಡುತ್ತಾರಲ್ಲ ಎಂದು ಭಾವ ನಗುತ್ತಿದ್ದರು.

ಭಾವನದು ದೊಡ್ಡ ಲಾಂಡ್ರಿ. ರೈಲ್ವೆ ಹಳಿಯ ಪಕ್ಕದ ಉದ್ದನೆಯ ಶೆಡ್ಡು, ಒಳಗೆ ಕಾಲಿಟ್ಟರೆ ಹಬೆ, ಸೋಪಿನ ಘಾಟು, ಡ್ರೈಯರುಗಳ ಗುಡುಗುಡು ಸದ್ದು. ಶೆಡ್ಡಿನ ಹಿಂದೆಯೇ ಮನೆ. ಅಕ್ಕ ಮನೆಯಲ್ಲಿರುತ್ತಿದ್ದುದಕ್ಕಿಂತ ಶೆಡ್ಡಿನ ಮೂಲೆಯ ಗಾಜಿನ ಆಫೀಸಿನಲ್ಲಿ ಇರುತ್ತಿದ್ದುದೇ ಹೆಚ್ಚು. ಬರುವ ಪತ್ರ, ಹೋಗುವ ಬಿಲ್ಲು, ಯಾರಿಗೆ ಏನು ಉತ್ತರ, ಎಲ್ಲ ಅವಳ ಕೈಯಲ್ಲೇ. ಊರಿನ ದೊಡ್ಡ ಆಸ್ಪತ್ರೆಯ ಹಾಸಿಗೆ ಬಟ್ಟೆ, ಆಪರೇಷನ್ ಗೌನು ಎಲ್ಲವನ್ನೂ ಒಗೆಯುವ ಗುತ್ತಿಗೆ ಇವರಿಗೆ ಸಿಗುವ ಹಂತಕ್ಕೆ ಬಂದಾಗ ಆಸ್ಪತ್ರೆಯವರು ಒಂದು ಷರತ್ತು ಹಾಕಿದರು. ಲಾಂಡ್ರಿಯ ಕಂಪ್ಯೂಟರು ಆಸ್ಪತ್ರೆಯ ಉಗ್ರಾಣದ ಕಂಪ್ಯೂಟರಿನ ಜೊತೆ ಮಾತಾಡುತ್ತದೆ, ಎಷ್ಟು ಬಟ್ಟೆ ಬೇಕು ಎಂದು ಅದೇ ತಿಳಿಸುತ್ತದೆ. ಹಾಗಾಗಿ ನಿಮ್ಮ ಕಡೆ ಎಲ್ಲ ಭದ್ರವಾಗಿದೆ ಎಂದು ಬಲ್ಲವರಿಂದ ಬರೆಸಿ ಕೊಡಿ ಎಂದರು.

ಬಲ್ಲವಳು ಮನೆಯಲ್ಲೇ ಇರುವಾಗ ಹೊರಗಿನವರು ಯಾಕೆ? ಭಾವ ಫೋನು ಮಾಡಿದರು. ಕಿಡಿ ಒಂದು ಭಾನುವಾರ ಬಂದಳು. ಬಾಗಿಲಲ್ಲೇ ಭಾವ, "ಬೀಗರ ಮನೆಗೆ ಬೀಗ ಹಾಕೋಕೆ ಬಂದಳಪ್ಪ" ಎಂದು ಕೆಲಸದವರ ಮುಂದೆ ಹಾಸ್ಯ ಮಾಡಿದರು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಒಳಗೆ ಹೋದ ಮೇಲೆ ನಗು ಉಳಿಯಲಿಲ್ಲ. ಬೆಡ್‌ಶೀಟುಗಳನ್ನು ನುಂಗಿ ಇಸ್ತ್ರಿಯಾಗಿ ಉಗುಳುವ ದೊಡ್ಡ ರೋಲರ್ ಯಂತ್ರದ ಎದೆಗೆ ಒಂದು ಚೀಟಿ ಅಂಟಿಸಿತ್ತು. ಅದರಲ್ಲಿ ಇಡೀ ಲಾಂಡ್ರಿಯ ಒಂದೇ ಒಂದು ಪಾಸ್‌ವರ್ಡ್, ಮಾಸದಿರಲೆಂದು ಮೇಲೆ ಪ್ಲಾಸ್ಟಿಕ್ ಹೊದಿಕೆ ಬೇರೆ. ಆ ಯಂತ್ರಕ್ಕೆ ಬಟ್ಟೆ ಕೊಡುವ ಹೆಂಗಸನ್ನು ಎಲ್ಲರೂ ರೋಲರಮ್ಮ ಎನ್ನುತ್ತಿದ್ದರು. ಯಾರು ಬಂದು ಕೇಳಿದರೂ ಓದಿ ಹೇಳಲು ತನಗೆ ಹೇಳಿದ್ದಾರೆ ಎಂದು ಆಕೆ ನಿಷ್ಕಪಟವಾಗಿ ತಿಳಿಸಿದಳು. ಯಂತ್ರ ಮಾರಿದ ಕಂಪನಿಯವರು ದೂರದಿಂದಲೇ ರಿಪೇರಿ ಮಾಡಲೆಂದು ಇಟ್ಟುಕೊಂಡ ದಾರಿ ಹಗಲೂ ರಾತ್ರಿ ತೆರೆದೇ ಇತ್ತು. ಒಗೆಯುವ ಯಂತ್ರ, ಅಕ್ಕನ ಕಂಪ್ಯೂಟರು, ಮಕ್ಕಳು ಆಟವಾಡುವ ಫೋನು, ಆಸ್ಪತ್ರೆಗೆ ಹೋಗುವ ತಂತಿ ಎಲ್ಲವೂ ಒಂದೇ ಬಲೆಯಲ್ಲಿ, ಒಂದೇ ಹಗ್ಗಕ್ಕೆ ಕಟ್ಟಿದ ದನಗಳ ಹಾಗೆ.

"ಬಟ್ಟೆ ಒಗೆಯೋರ ಮನೆಗೆ ಯಾವ ಕಳ್ಳ ಬರ್ತಾನಮ್ಮ?" ಎಂದರು ಭಾವ. "ಬಂದ್ರೆ ಏನು ಕದೀತಾನೆ, ಕೊಳೆನಾ?"

"ಅವನು ನಿಮ್ಮ ಮನೆಗೆ ಬರಲ್ಲ ಭಾವ. ನಿಮ್ಮ ಹಿತ್ತಲು ದಾಟಿ ಆಸ್ಪತ್ರೆಗೆ ಹೋಗ್ತಾನೆ."

ಅವಳು ಮನೆಗೆ ಹೋಗಿ ಕೂತು ಬರೆದಳು. ದುಡ್ಡು ಕೊಟ್ಟವರಿಗೆ ಬರೆಯುವುದಕ್ಕಿಂತ ಹೆಚ್ಚು ನಿಗಾ ಇಟ್ಟು, ಭಾವನಿಗೂ ತಿಳಿಯುವ ಮಾತಿನಲ್ಲಿ ಬರೆದಳು. ಯಂತ್ರಗಳ ನೆಟ್‌ವರ್ಕನ್ನು ಆಫೀಸಿನದರಿಂದ ಬೇರ್ಪಡಿಸಬೇಕು. ರಿಪೇರಿಯವರ ದಾರಿಯನ್ನು ಮುಚ್ಚಬೇಕು, ಅವರು ಕೇಳಿದಾಗ ಮಾತ್ರ ತೆರೆಯಬೇಕು. ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡ್ ಇರಬೇಕು. ಮುಖ್ಯ ಮಾಹಿತಿಯ ನಕಲನ್ನು ಯಾವ ತಂತಿಗೂ ತಾಗದಂತೆ ಬೇರೆ ಇಡಬೇಕು. ಏನಾದರೂ ಎಡವಟ್ಟಾದರೆ ಅದೇ ದಿನ ಆಸ್ಪತ್ರೆಗೆ ತಿಳಿಸಬೇಕು. ಕೊನೆಯಲ್ಲಿ ಸಹಿ ಹಾಕಿ ಅಕ್ಕನಿಗೆ ಕಳಿಸಿದಳು. ಆಯ್ತಮ್ಮ, ಎಲ್ಲ ಮಾಡಿಸ್ತೀನಿ ಎಂದರು ಭಾವ. ಗುತ್ತಿಗೆ ಸಿಕ್ಕಿತು. ಶೆಡ್ಡಿನ ನೆತ್ತಿಯ ಮೇಲೆ ಬೆಳಗುವ ಅಕ್ಷರಗಳ ಹೊಸ ಬೋರ್ಡೂ ಬಂತು.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಕಿಡಿಗೆ ಆಸ್ಪತ್ರೆಯಿಂದ ಕರೆ ಬಂತು. ಕೂಡಲೇ ಬನ್ನಿ ಎಂದವರ ದನಿಯಲ್ಲಿ ಮರ್ಯಾದೆ ಇತ್ತೇ ಹೊರತು ಸ್ನೇಹವಿರಲಿಲ್ಲ.

ಕರೆದದ್ದು ಆಸ್ಪತ್ರೆಯ ಕಂಪ್ಯೂಟರ್ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ, ಕನ್ನಡಕವನ್ನು ತಲೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದ, ನಿದ್ದೆಗೆಟ್ಟ ಹೆಂಗಸು. ಆಕೆಯ ಕೋಣೆಗೆ ಹೋಗುವ ಹಾದಿಯುದ್ದಕ್ಕೂ ಕಿಡಿ ನೋಡಿದ್ದು ಒಂದೇ: ಕಪ್ಪಾದ ಪರದೆಗಳು. ನರ್ಸುಗಳು ರೋಗಿಗಳ ಹೆಸರನ್ನು ಹರಿದ ರಟ್ಟಿನ ಮೇಲೆ ಬರೆದು ಮಂಚಕ್ಕೆ ಕಟ್ಟಿದ್ದರು. ಒಬ್ಬ ಡಾಕ್ಟರು ರಕ್ತ ಪರೀಕ್ಷೆಯ ಫಲಿತಾಂಶವನ್ನು ಅಂಗೈಯಲ್ಲಿ ಬರೆದುಕೊಂಡು ಓಡುತ್ತಿದ್ದ. ದಿನ ಗೊತ್ತುಮಾಡಿದ್ದ ಆಪರೇಷನ್‌ಗಳನ್ನು ಮುಂದೂಡಿ ರೋಗಿಗಳನ್ನು ವಾಪಸು ಕಳಿಸುತ್ತಿದ್ದವರು ಬಾಗಿಲಲ್ಲಿ ಬೈಗುಳ ತಿನ್ನುತ್ತಿದ್ದರು.

ಅಧಿಕಾರಿ ಹೇಳಿದ್ದು ಇಷ್ಟು. ಯಾರೋ ರಿಪೇರಿಯವರ ದಾರಿಯಿಂದ ಲಾಂಡ್ರಿಯ ಯಂತ್ರಗಳಿಗೆ ನುಗ್ಗಿದ್ದಾರೆ. ಅಲ್ಲಿಂದ ಬಟ್ಟೆಯ ಲೆಕ್ಕ ಬರುವ ತಂತಿ ಹಿಡಿದು ಉಗ್ರಾಣಕ್ಕೆ, ಉಗ್ರಾಣದಿಂದ ರೋಗಿಗಳ ದಾಖಲೆಗೆ. ಎಲ್ಲಕ್ಕೂ ಬೀಗ ಜಡಿದು, ಬಿಡಿಸಲು ಹಣ ಕೇಳುತ್ತಿದ್ದಾರೆ. ಲಾಂಡ್ರಿಯ ಪರದೆಗಳು ಎರಡು ದಿನ ಮೊದಲೇ ಕಪ್ಪಾಗಿದ್ದವು. ಅಲ್ಲಿನ ಮಾಲೀಕರು ಬಾಯಿ ಬಿಡಲಿಲ್ಲ. ಯಂತ್ರಗಳನ್ನು ಕೈಯಲ್ಲೇ ಓಡಿಸಿಕೊಂಡು, ಏನೂ ಆಗದವರ ಹಾಗೆ ಬಟ್ಟೆ ಕಳಿಸಿದರು.

ಆ ಎರಡು ದಿನದ ಬಗ್ಗೆ ಕಿಡಿಗೆ ಯಾರೂ ಹೇಳಿರಲಿಲ್ಲ. ಹಿಂದಿನ ಸಂಜೆಯಷ್ಟೇ ಅಕ್ಕನ ಜೊತೆ ಫೋನಿನಲ್ಲಿ ಮಾತಾಡಿದ್ದಳು. ಅಕ್ಕ ಮೊಣಕಾಲು ನೋವಿನ ವಿಷಯ ಹೇಳಿದ್ದಳು.

"ಇದನ್ನ ನೋಡಿ" ಎಂದು ಅಧಿಕಾರಿ ನಾಲ್ಕು ಹಾಳೆ ಮುಂದಿಟ್ಟಳು. "ಸಹಿ ನಿಮ್ಮದೇ ಅಲ್ವಾ?"

ಸಹಿ ಅವಳದೇ. ಮಾತುಗಳೂ ಅವಳವೇ, ಪ್ರತಿ ವಾಕ್ಯದ ಬಾಲ ಒಂದನ್ನು ಬಿಟ್ಟು. ಯಂತ್ರಗಳ ನೆಟ್‌ವರ್ಕನ್ನು ಬೇರ್ಪಡಿಸಲಾಗಿದೆ. ರಿಪೇರಿಯವರ ದಾರಿಯನ್ನು ಮುಚ್ಚಲಾಗಿದೆ. ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡ್ ಇದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಯಾರೋ ಅವಳ 'ಬೇಕು'ಗಳನ್ನೆಲ್ಲ ತೆಗೆದುಹಾಕಿದ್ದರು.

ಕಿಡಿ ಹಾಳೆಗಳನ್ನು ಹಿಂದಕ್ಕೆ ತಳ್ಳಿದಳು. ಇದು ತಾನು ಬರೆದದ್ದಲ್ಲ, ತನ್ನ ಮೂಲ ಪ್ರತಿ ತೋರಿಸಬಲ್ಲೆ ಎಂದಳು. ಅಧಿಕಾರಿ ನಂಬಿದ್ದಳೋ ಇಲ್ಲವೋ ತಿಳಿಯಲಿಲ್ಲ. ನಾಳೆ ಬೆಳಿಗ್ಗೆ ಸಭೆ ಇದೆ, ನಿಮ್ಮ ಭಾವನವರೂ ಬರುತ್ತಾರೆ, ಅಲ್ಲೇ ತೋರಿಸಿ ಎಂದಳು. ಆಮೇಲೆ ಹಾಳೆಗಳನ್ನು ಮಡಚುತ್ತಾ, ಆರನೇ ವಾರ್ಡಿನಲ್ಲಿ ಒಬ್ಬರು ನಿವೃತ್ತ ಗಣಿತದ ಟೀಚರ್ ಇದ್ದಾರೆ ಎಂದಳು. ಅವರಿಗೆ ಒಂದು ಔಷಧಿ ಒಗ್ಗುವುದಿಲ್ಲ ಎಂಬುದು ಕಂಪ್ಯೂಟರಿನಲ್ಲಿತ್ತು. ಪರದೆ ಕಪ್ಪಾಗಿತ್ತು. ಅದೇ ಔಷಧಿಯನ್ನು ಕೊಟ್ಟರು. ಗಂಟಲು ಊದಿ ಉಸಿರು ನಿಂತು, ಈಗ ಕೊಳವೆಯಲ್ಲಿ ಉಸಿರಾಡುತ್ತಿದ್ದಾರೆ.

ಕಿಡಿ ಆಸ್ಪತ್ರೆಯಿಂದ ನೇರವಾಗಿ ಲಾಂಡ್ರಿಗೆ ಹೋದಳು. ಚಪ್ಪಲಿ ಕಳಚಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ. ಗಾಜಿನ ಆಫೀಸಿನಲ್ಲಿ ಭಾವ ಕಲ್ಲು ನುಂಗಿದವರ ಹಾಗೆ ಕೂತಿದ್ದರು. ಪಕ್ಕದಲ್ಲಿ ಅಕ್ಕ ಟವೆಲು ಮಡಚುತ್ತಿದ್ದಳು. ಅಕ್ಕನಿಗೆ ಕಷ್ಟ ಬಂದಾಗಲೆಲ್ಲ ಏನಾದರೂ ಮಡಚುವುದು ಅಭ್ಯಾಸ.

ಕಿಡಿ ಬಾಯಿಗೆ ಬಂದಂತೆ ಬೈದಳು. ಹೊರಗೆ ಡ್ರೈಯರುಗಳ ಗದ್ದಲದಲ್ಲೂ ಕೆಲಸದವರು ತಿರುಗಿ ನೋಡಿದರು. ನನ್ನ ಸಹಿಯನ್ನು ಒಗೆದು ಇಸ್ತ್ರಿ ಹಾಕಿ ಮಾರಿಕೊಂಡಿರಲ್ಲ ಎಂದಳು. ಎರಡು ದಿನ ಬಾಯಿ ಮುಚ್ಚಿಕೊಂಡಿರಲು ನಿಮಗೆ ಯಾವ ಧೈರ್ಯ ಬಂತು, ಆ ಎರಡು ದಿನದಲ್ಲಿ ಒಂದು ಫೋನು ಮಾಡಿದ್ದರೆ ಆಸ್ಪತ್ರೆಯವರು ತಂತಿ ಕಿತ್ತು ಉಳಿದುಕೊಳ್ಳುತ್ತಿದ್ದರು ಎಂದಳು. ಭಾವ ತಲೆ ಎತ್ತಲಿಲ್ಲ. ಗುತ್ತಿಗೆ ಕೈ ತಪ್ಪುತ್ತದೆ ಅನಿಸಿತು, ತಾನಾಗಿ ಸರಿಹೋಗಬಹುದು ಅಂದುಕೊಂಡೆ ಎಂದು ಗೊಣಗಿದರು.

"ಕಾಗದ ತಿದ್ದಿದ್ದು ಯಾವಾಗ ಭಾವ? ನಾನು ಕಳಿಸಿದ ದಿನವೇನಾ?"

"ಅವರನ್ನ ಬೈಬೇಡ" ಎಂದಳು ಅಕ್ಕ, ಟವೆಲು ಮಡಚುತ್ತಲೇ. "ತಿದ್ದಿದ್ದು ನಾನು."

ಕಿಡಿ ಭಾವನನ್ನು ಬಿಟ್ಟು ಅಕ್ಕನ ಕಡೆ ತಿರುಗಿದಳು.

"ಆಸ್ಪತ್ರೆಯವರು ಅವಸರ ಮಾಡ್ತಿದ್ರು. ನೀನು ಹೇಳಿದ್ದೆಲ್ಲ ಮಾಡಿಸ್ತೀವಿ ಅಂತಲೇ ಇದ್ವಿ. ನಾಳೆ ಮಾಡೋದನ್ನ ಇವತ್ತೇ ಬರೆದೆ, ಅಷ್ಟೇ."

ಅಷ್ಟೇ ಎಂಬ ಮಾತು ಕಿಡಿಯ ಎದೆಯಲ್ಲಿ ಎಲ್ಲಿ ಹೋಗಿ ಚುಚ್ಚಿತೋ. ಭಾವನ ಮೇಲಿನ ಕೋಪ ಬೆಂಕಿಯ ಹಾಗಿತ್ತು, ಉರಿದು ಆರುತ್ತಿತ್ತು. ಇದು ಬೇರೆ. ಅಕ್ಕ ಅಂದರೆ ಅವಳಿಗೆ ಅಕ್ಷರ ತಿದ್ದಿಸಿದವಳು, ಶಾಲೆಯಲ್ಲಿ ಪಕ್ಕದವಳ ಉತ್ತರ ನೋಡಿ ಬರೆದದ್ದಕ್ಕೆ ಸಂಜೆಯವರೆಗೆ ಮಾತು ಬಿಟ್ಟವಳು. ಆ ಅಕ್ಕ ತನ್ನ ಬರಹವನ್ನು ಸಾಲು ಸಾಲಾಗಿ ಕೂತು ತಿದ್ದಿ, ಆಮೇಲೆ ವರ್ಷವಿಡೀ ತನಗೆ ಊಟ ಬಡಿಸಿದ್ದಳು.

ಆಗ ಭಾವನಿಗೆ ಮಾತು ಬಂತು. ನಾಳೆ ಸಭೆಯಲ್ಲಿ ನೀನು ಒಂದೇ ಒಂದು ಮಾತು ಹೇಳಿದರೆ ಸಾಕು ಎಂದರು. ನಾನು ನೋಡಿದಾಗ ಎಲ್ಲ ಸರಿಯಾಗಿತ್ತು, ಕಳ್ಳರು ಘಾಟಿಗಳು, ಯಾರ ಕೈಲೂ ತಡೆಯೋಕೆ ಆಗ್ತಿರಲಿಲ್ಲ ಅಂತ. ನಿನಗೇನು, ಇನ್ನೊಂದು ಕಂಪನಿ ಸಿಗುತ್ತೆ. ನಮ್ಮದು ಹೊಟ್ಟೆಪಾಡು. ಮನೆ ಮಾತು ಮನೆಯಲ್ಲೇ ಇರಲಿ.

ಕಿಡಿ ಅಕ್ಕನ ಕೈಯಿಂದ ಟವೆಲು ಕಿತ್ತು ಮೇಜಿಗೆ ಎಸೆದು, ಅವಳ ಮಣಿಕಟ್ಟು ಹಿಡಿದಳು.

"ಬಾ. ನಿನಗೊಂದು ತೋರಿಸಬೇಕು."

ಅಕ್ಕ ಮೊಣಕಾಲು ನೋವೆಂದಳು. ಕಿಡಿ ಬಿಡಲಿಲ್ಲ. ಆಟೋದಲ್ಲಿ ಇಬ್ಬರೂ ಒಂದೊಂದು ಕಡೆ ಮುಖ ಮಾಡಿ ಕೂತರು.

ಆರನೇ ವಾರ್ಡಿನ ಗಾಜಿನಾಚೆ ಟೀಚರ್ ಮಲಗಿದ್ದರು. ಮುಖ ಊದಿ ಕಣ್ಣುಗಳು ಗೆರೆಗಳಾಗಿದ್ದವು. ಬಾಯಿಯಲ್ಲಿ ಕೊಳವೆ. ಮಂಚದ ಪಕ್ಕ ಅವರ ಮಗಳು ಸ್ಲೇಟಿನಂಥದ್ದೊಂದನ್ನು ಹಿಡಿದು ಕೂತಿದ್ದಳು. ತಾಯಿಗೆ ಎಚ್ಚರವಾದಾಗ ಬರೆದು ಮಾತಾಡಲಿ ಎಂದು. ಕಿಡಿ ಹೆಚ್ಚು ವಿವರಿಸಲಿಲ್ಲ. ಯಾವ ಔಷಧಿ, ಯಾಕೆ ಕೊಟ್ಟರು, ಎರಡೇ ಮಾತಿನಲ್ಲಿ ಹೇಳಿದಳು.

ಅಕ್ಕ ಟೀಚರ್ ಮುಖ ನೋಡಲಿಲ್ಲ. ಅವಳ ಕಣ್ಣು ಮಂಚದಿಂದ ಇಳಿಬಿದ್ದ ಬೆಡ್‌ಶೀಟಿನ ಅಂಚಿನ ಮೇಲೆ ನಿಂತಿತ್ತು. ಅಂಚಿನಲ್ಲಿ ನೀಲಿ ದಾರದ ಮೂರು ಹೊಲಿಗೆ. ಅದು ಅವರ ಲಾಂಡ್ರಿಯ ಗುರುತು, ಅಕ್ಕನೇ ಆರಿಸಿದ ಬಣ್ಣ.

"ಈ ಶೀಟು ಮೊನ್ನೆ ಕಳಿಸಿದ್ದು" ಎಂದಳು ಮೆಲ್ಲಗೆ. "ಪರದೆ ಕಪ್ಪಾದ ಮೇಲೆ."

ಕಿಡಿಗೆ ಆಗ ಅವಳ ಹೆಗಲ ಮೇಲೆ ಕೈ ಇಡಬೇಕೆನಿಸಬಹುದಿತ್ತು. ಅನಿಸಲಿಲ್ಲ. ನೋಡು, ಚೆನ್ನಾಗಿ ನೋಡು ಎಂದು ಒಳಗೊಳಗೇ ಹಲ್ಲು ಕಡಿಯುತ್ತಾ ನಿಂತಿದ್ದಳು. ಅಕ್ಕ ತಾನೇ ನಡೆದು ಹೊರಗೆ ಹೋದಳು.

ಮರುದಿನ ಸಭೆಯ ಕೋಣೆಯಲ್ಲಿ ಏಳೆಂಟು ಜನ. ಭಾವ ಇಸ್ತ್ರಿ ಮುರಿಯದ ಅಂಗಿ ತೊಟ್ಟು ಬಂದಿದ್ದರು. ಅಕ್ಕ ಅವರ ಪಕ್ಕದಲ್ಲಿ ಕೂತಿದ್ದಳು, ಯಾರೂ ಕರೆದಿರಲಿಲ್ಲ. ಅಧಿಕಾರಿ ಕಾಗದವನ್ನು ಮುಂದಿಟ್ಟು ಕೇಳಿದಾಗ ಭಾವ ಗಂಟಲು ಸರಿಮಾಡಿಕೊಂಡು, ನಾದಿನಿ ಹೇಗೆ ಕೊಟ್ಟಳೋ ಹಾಗೇ ಕಳಿಸಿದೆವು, ನಮಗೆ ಇದೆಲ್ಲ ಏನು ತಿಳಿಯುತ್ತದೆ ಎಂದರು.

ಕಿಡಿ ಎದ್ದೇಬಿಟ್ಟಳು. ಆದರೆ ಅವಳಿಗಿಂತ ಮೊದಲು ಅಕ್ಕ ಬಾಯಿ ತೆರೆದಳು.

"ಅವಳು ಬರೆದದ್ದು 'ಬೇಕು' ಅಂತ. 'ಆಗಿದೆ' ಅಂತ ಮಾಡಿದ್ದು ನಾನು. ಮಾಡು ಅಂದದ್ದು ಇವರು. ಅವಳಿಗೆ ಗೊತ್ತಿರಲಿಲ್ಲ."

ಭಾವ ಹೆಂಡತಿಯ ಕಡೆ ತಿರುಗಿದರು. ಅಕ್ಕ ಅವರ ಕಡೆ ತಿರುಗಲಿಲ್ಲ.

ಅಲ್ಲಿಗೆ ಕಿಡಿಯ ಹೆಸರು ಉಳಿಯಿತು. ಅವಳು ಕೂತುಕೊಳ್ಳಬಹುದಿತ್ತು. ಕೂರಲಿಲ್ಲ. ಅಧಿಕಾರಿಯ ಮೇಲೂ ಅವಳಿಗೆ ಕೋಪ ಕುದಿಯುತ್ತಿತ್ತು, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಹೋಗುವ ಜಾಯಮಾನ ಅವಳದಲ್ಲ. ಬೆಡ್‌ಶೀಟು ಎಣಿಸುವ ತಂತಿ ರೋಗಿಯ ದಾಖಲೆಯವರೆಗೆ ಹೋಗುವಂತೆ ಬಿಟ್ಟವರು ಯಾರು ಎಂದು ಕೇಳಿದಳು. ನಡುವೆ ಒಂದು ಗೋಡೆ ಇದ್ದಿದ್ದರೆ ಕಳ್ಳ ಉಗ್ರಾಣದಲ್ಲೇ ಉಳಿಯುತ್ತಿದ್ದ. ಕಾಗದದಲ್ಲಿ ಆಗಿದೆ ಎಂದಿದ್ದರೆ ಆಗಿಹೋಯಿತೇ? ನಿಮ್ಮವರು ಒಬ್ಬರು, ಒಂದೇ ಒಂದು ಸಲ, ಆ ಶೆಡ್ಡಿಗೆ ಬಂದು ನಿಂತಿದ್ದರೆ ಪಾಸ್‌ವರ್ಡ್ ಕಣ್ಣಿಗೆ ಹೊಡೆಯುತ್ತಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕೆ ಇಷ್ಟು ಜನ ಸೇರಿದ್ದೀರಿ ಎಂದಳು.

ಅಧಿಕಾರಿಯ ಮುಖ ಕೆಂಪಾಯಿತು. "ನೀವು ಹೋಗಿದ್ರಾ?" ಎಂದು ಕೇಳಿದಳು. "ಸಲಹೆ ಕೊಟ್ಟ ಮೇಲೆ, ಮಾಡಿದ್ದಾರಾ ಅಂತ ನೋಡೋಕೆ?"

ವರ್ಷದುದ್ದಕ್ಕೂ ಕಿಡಿ ಆ ಶೆಡ್ಡಿನ ಹಿಂದಿನ ಮನೆಗೆ ಹೋಗಿ ಉಂಡು ಬಂದಿದ್ದಳು. ಅಂಗಳ ದಾಟಿ ಶೆಡ್ಡಿನೊಳಗೆ ಇಣುಕಿರಲಿಲ್ಲ.

"ಇಲ್ಲ" ಎಂದು ಕೂತಳು.

ಆಸ್ಪತ್ರೆಯ ಪರದೆಗಳು ಮತ್ತೆ ಬೆಳಗಲು ವಾರಗಳೇ ಹಿಡಿದವು. ಟೀಚರ್ ಬದುಕಿಕೊಂಡರು, ಗಂಟಲು ಮಾತ್ರ ಮೊದಲಿನಂತಾಗದೆ, ಗೊಗ್ಗರು ದನಿಯಲ್ಲಿ ಮಾತಾಡುತ್ತಾ ಮನೆಗೆ ಹೋದರು. ಭಾವನ ಮೇಲೆ ಮೊಕದ್ದಮೆ ಹೂಡಲಾಯಿತು, ಅಕ್ಕನ ಹೆಸರೂ ಅದರಲ್ಲಿತ್ತು. ಗುತ್ತಿಗೆಯನ್ನು ಆಸ್ಪತ್ರೆ ತಡೆಹಿಡಿಯಿತು. ಅರ್ಧ ಯಂತ್ರಗಳು ನಿಂತವು, ರಾತ್ರಿ ಪಾಳಿ ನಿಂತಿತು. ಕಿಡಿ ಅಕ್ಕನಿಗೆ ಫೋನು ಮಾಡಲಿಲ್ಲ. ಅಕ್ಕನೂ ಮಾಡಲಿಲ್ಲ. ನಿನ್ನ ಅಕ್ಕ ನಿನ್ನನ್ನು ಉಳಿಸಿದಳಲ್ಲ, ಇನ್ನೇನು ಬೇಕು ಎಂದು ಕಿಡಿಯ ಗಂಡ ಒಮ್ಮೆ ಕೇಳಿದ. ಮುಳುಗಿಸಿದವರು ಮೇಲೆತ್ತಿದರೆ ಅದಕ್ಕೆ ಉಳಿಸಿದರು ಅನ್ನಬೇಕಾ ಎಂದು ಅವನ ಮೇಲೂ ಹರಿಹಾಯ್ದಳು.

ಒಂದು ಸಂಜೆ ತರಕಾರಿ ಕೊಳ್ಳುವಾಗ ಹಿಂದಿನಿಂದ ಯಾರೋ ಕರೆದರು. ರೋಲರಮ್ಮ. ಕೈಯಲ್ಲಿ ಖಾಲಿ ಚೀಲ.

"ನಮ್ಮನ್ನ ಮನೆಗೆ ಕಳಿಸಿದ್ರು, ಗೊತ್ತಾ?" ಎಂದಳು. "ಸುಳ್ಳು ಬರೆದವರು ಅದೇ ಕುರ್ಚಿಲಿ ಕೂತಿದ್ದಾರೆ. ನೀವು ಅದೇ ಕಾರಲ್ಲಿ ಓಡಾಡ್ತಿದ್ದೀರಿ. ನಾನೇನು ಮಾಡಿದ್ದೆ? ಓದಿ ಹೇಳು ಅಂದ್ರು, ಹೇಳಿದೆ."

ಇಷ್ಟು ದಿನ ಕಿಡಿ ಬೈದವರೆಲ್ಲ ಬೈಸಿಕೊಳ್ಳಬೇಕಾದವರೇ ಆಗಿದ್ದರು. ಈಕೆಯ ಮುಂದೆ ತಾನೂ ಆ ಸಾಲಿನಲ್ಲಿ ನಿಂತ ಹಾಗಾಯಿತು. ಕೊಂಡ ತರಕಾರಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು, ಮತ್ತೆ ಹೋಗಿ ತಂದಳು.

ಮರುದಿನ ಬೆಳಿಗ್ಗೆ ಅವಳು ಲಾಂಡ್ರಿಗೆ ಹೋದಳು. ಮನೆಯ ಬಾಗಿಲಿಗಲ್ಲ, ಶೆಡ್ಡಿನ ಬಾಗಿಲಿಗೆ. ನಾನು ನಾದಿನಿಯಾಗಿ ಬಂದಿಲ್ಲ ಎಂದು ಭಾವನಿಗೆ ಹೇಳಿದಳು. ಕೂಲಿ ಕೊಡಬೇಕು, ನಾನು ಹೇಳಿದ್ದು ನನ್ನ ಕಣ್ಣೆದುರು ಆಗಬೇಕು, ಮುಗಿಯುವ ತನಕ ಈ ಮನೆಯಲ್ಲಿ ನೀರೂ ಕುಡಿಯುವುದಿಲ್ಲ. ಭಾವ ಏನೋ ಹಾಸ್ಯದ ಮಾತಿಗೆ ಬಾಯಿ ತೆರೆದು, ಅವಳ ಮುಖ ನೋಡಿ ಮುಚ್ಚಿದರು.

ಕೆಲಸಕ್ಕೆ ದಿನಗಳೇ ಹಿಡಿದವು. ಅವಳೇ ಮಂಡಿಯೂರಿ ಯಂತ್ರಗಳ ಹಿಂದಿನ ಧೂಳಿನಲ್ಲಿ ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಹುಡುಕಿ, ಬೇಡದ್ದನ್ನು ಕಿತ್ತಳು. ಒಬ್ಬೊಬ್ಬರಿಗೂ ಅವರವರ ಪಾಸ್‌ವರ್ಡ್ ಮಾಡಿಸಿ, ಗಂಡನಿಗೂ ಹೇಳಬೇಡಿ ಎಂದಳು. ಭಾವ ತಮ್ಮದನ್ನು ಎರಡು ಸಲ ಮರೆತು ಎರಡು ಸಲವೂ ಬೈಸಿಕೊಂಡರು. ಆಸ್ಪತ್ರೆಗೆ ಹೋಗಿ ಅಧಿಕಾರಿಯ ಹತ್ತಿರವೂ ಜಗಳ ಮಾಡಿದಳು: ಈ ಸಲ ಕಾಗದ ಕಳಿಸುವುದಿಲ್ಲ, ನೀವೇ ಬಂದು ನೋಡಿ, ತೃಪ್ತಿಯಾದರೆ ಕೆಲಸ ಕೊಡಿ, ಇಲ್ಲವಾದರೆ ಬೇಡ. ಆ ಹೆಂಗಸು ನಿಜಕ್ಕೂ ಬಂದಳು. ಹಬೆಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾ ಮಧ್ಯಾಹ್ನವಿಡೀ ಶೆಡ್ಡು ಸುತ್ತಿದಳು. ಆಸ್ಪತ್ರೆಯಲ್ಲೂ ನಡುವೆ ಗೋಡೆ ಹಾಕಿದ್ದೇವೆ ಎಂದು ಹೋಗುವಾಗ ಹೇಳಿದಳು. ಕಿಡಿ, ಬಂದು ನೋಡ್ತೀನಿ ಎಂದಳು. ಅಧಿಕಾರಿ ಮೊದಲ ಸಲ ನಕ್ಕಳು.

ಗುತ್ತಿಗೆ ಅರ್ಧ ಮಾತ್ರ ವಾಪಸು ಬಂತು. ರೋಲರಮ್ಮನನ್ನು ಮೊದಲು ಕರೆಸಿಕೊಳ್ಳಬೇಕೆಂದು ಕಿಡಿ ಹಟ ಹಿಡಿದಳು. ಆಕೆ ಬಂದಳು, ಆದರೆ ಕಿಡಿಯನ್ನು ನೋಡಿ ನಗಲಿಲ್ಲ. ಮೊಕದ್ದಮೆ ಇನ್ನೂ ನಡೆಯುತ್ತಿತ್ತು.

ಕೊನೆಯ ದಿನ ಕಿಡಿ ಸಾಮಾನು ಚೀಲಕ್ಕೆ ತುಂಬುತ್ತಿರುವಾಗ ಅಕ್ಕ ಅಂಗಳಕ್ಕೆ ಬಂದು ನಿಂತಳು. ಇಷ್ಟು ದಿನ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಇರಲಿಲ್ಲ. ಅಕ್ಕ ಸೊರಗಿದ್ದಳು. ಕೈಯಲ್ಲಿ ಮಡಚಲು ಏನೂ ಇರಲಿಲ್ಲ.

"ಇನ್ನೂ ಕೋಪ ಇದೆಯಾ?"

"ಇದೆ."

"ಎಲ್ಲೀವರೆಗೆ?"

"ನನಗೇನು ಗೊತ್ತು. ಇರೋವರೆಗೆ."

ಅಕ್ಕ ತಲೆಯಾಡಿಸಿದಳು. "ನಿನ್ನ ಸಹಿಯ ಮೇಲಿನ ಮಾತು ತಿದ್ದುವಾಗ ಕೈ ನಡುಗಲಿಲ್ಲ ಕಣೇ ನನಗೆ" ಎಂದಳು. "ಅದನ್ನ ನೆನೆಸಿಕೊಂಡರೆ ಈಗ ನಡುಗುತ್ತೆ."

ಕಿಡಿ ಚೀಲದ ಜಿಪ್ಪು ಎಳೆದಳು. ಅದು ಸಿಕ್ಕಿಕೊಂಡಿತು. ಇನ್ನೊಮ್ಮೆ ಎಳೆದಳು. ಅಕ್ಕ ಬಗ್ಗಿ ಬಟ್ಟೆಯ ಎಳೆಯನ್ನು ಜಿಪ್ಪಿನ ಹಲ್ಲಿನಿಂದ ಬಿಡಿಸಿಕೊಟ್ಟಳು. ಕಿಡಿ ಚೀಲ ಹೆಗಲಿಗೇರಿಸಿಕೊಂಡು, ಮೊಣಕಾಲನ್ನು ಡಾಕ್ಟರಿಗೆ ತೋರಿಸಿದೆಯಾ ಎಂದು ಒರಟಾಗಿ ಕೇಳಿದಳು. ಇಲ್ಲ ಎಂದಳು ಅಕ್ಕ. ಸೋಮವಾರ ಬರ್ತೀನಿ, ಸಿದ್ಧವಾಗಿರು, ಕಾಯಿಸಬೇಡ ಎಂದು ಬೈದ ಹಾಗೆಯೇ ಹೇಳಿ ಗೇಟಿನ ಕಡೆ ನಡೆದಳು.